ಅಲ್ಲಾಡಿದ ಬಟ್ಟಲು

ಆ ಸಂಜೆ ಬೂ ಮರ್ಜೂಕ್ ಮೊದಲನೇ ಕಾಫಿಗೇ ಬಟ್ಟಲು ಅಲ್ಲಾಡಿಸಿದ. ಅಲ್ಲಿಯ ರೂಢಿಯಲ್ಲಿ ಬಟ್ಟಲು ಅಲ್ಲಾಡಿಸಿದರೆ ‘ಇನ್ನು ಸಾಕು’ ಎಂದರ್ಥ, ಹೊಯ್ಯುವವನು ಪಕ್ಕದವನ ಕಡೆ ತಿರುಗುತ್ತಾನೆ. ಅಲ್ಲಾಡಿಸದೆ ಚಾಚಿದರೆ ಮತ್ತೆ ಹೊಯ್ಯುತ್ತಾನೆ. ಅಷ್ಟೇ ವಿಷಯ. ಅಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ರಾದ್ಧಾಂತವಾದೀತೆಂದು ಅವನಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಹಲ್ಲು ನೋಯುತ್ತಿತ್ತು. ಬಿಸಿ ತಾಗಿ ಜೀವ ಹೋದಂತಾಯಿತು, ಬಟ್ಟಲು ಕುಲುಕಿದ, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದ.

ಅವನ ಸ್ವಂತ ಹೆಸರು ಸುಲೈಮಾನ್. ಆದರೆ ಹಿರಿಮಗ ಮರ್ಜೂಕ್ ಹುಟ್ಟಿದ ದಿನದಿಂದ ಅವನು ಎಲ್ಲರಿಗೂ ಮರ್ಜೂಕನ ಅಪ್ಪ, ಬೂ ಮರ್ಜೂಕ್. ಸುಲೈಮಾನ್ ಎಂಬ ಹೆಸರು ಅವನ ಪಿಂಚಣಿಯ ಕಾಗದದಲ್ಲಿ ಮಾತ್ರ ಉಳಿದಿತ್ತು. ಕುವೈತಿನ ನೀರು-ವಿದ್ಯುತ್ ಇಲಾಖೆಯಲ್ಲಿ ಆಯುಷ್ಯ ಸವೆಸಿ ನಿವೃತ್ತನಾದ ಮೇಲೆ ಬೆಳಗ್ಗೆ ಷೇರುಪೇಟೆಯ ಸಭಾಂಗಣ, ಸಂಜೆ ಗೆಳೆಯ ಬೂ ಶಮ್ಲಾನನ ದಿವಾನಿಯಾ, ಇವೆರಡೇ ಅವನ ಲೋಕ. ದಿವಾನಿಯಾ ಎಂದರೆ ಕೈಫಾನ್ ಬಡಾವಣೆಯ ಗಂಡಸರೆಲ್ಲ ಗೋಡೆಗುಂಟ ಹಾಸಿದ ಮೆತ್ತೆಗಳಲ್ಲಿ ಒರಗಿ ಮಾತಾಡುವ ಬೈಠಕ್ಕಿನ ಕೋಣೆ. ಮನೆಯಲ್ಲಿ ಬಾಯಿ ಬಿಡಲು ಧೈರ್ಯವಿಲ್ಲದವರೆಲ್ಲ ಅಲ್ಲಿ ಪ್ರಪಂಚವನ್ನೇ ರಿಪೇರಿ ಮಾಡುತ್ತಿದ್ದರು.

ಆ ಚಳಿಗಾಲ ರಿಪೇರಿಗೆ ಬೇಕಾದಷ್ಟು ಕೆಲಸವಿತ್ತು. ಅಮೆರಿಕದ ಬ್ಯಾಂಕುಗಳು ಮುಳುಗಿದ್ದವು, ಎಣ್ಣೆಯ ಬೆಲೆ ಬಿದ್ದಿತ್ತು, ದುಬೈನಲ್ಲಿ ಕ್ರೇನುಗಳು ಅರ್ಧ ಕಟ್ಟಿದ ಗೋಪುರಗಳ ಮೇಲೆ ಸುಮ್ಮನೆ ನಿಂತಿದ್ದವಂತೆ. ಬೂ ಶಮ್ಲಾನ್ ಸುಂಕದ ಇಲಾಖೆಯಲ್ಲಿದ್ದವ. ಅಮೆರಿಕದ ಬ್ಯಾಂಕುಗಳ ಬಗ್ಗೆ ಅವುಗಳ ಮಾಲೀಕರಿಗಿಂತ ಹೆಚ್ಚು ಅವನಿಗೇ ಗೊತ್ತಿತ್ತು. ಒಂದು ವಾರ ಮಾರ್ಚ್ ಹೊತ್ತಿಗೆ ಪೇಟೆ ಏಳುತ್ತದೆ ಎನ್ನುತ್ತಿದ್ದ, ಮುಂದಿನ ವಾರ ಇನ್ನು ಐದು ವರ್ಷ ಏಳುವುದಿಲ್ಲ ಎನ್ನುತ್ತಿದ್ದ. ಎರಡನ್ನೂ ಒಂದೇ ಗತ್ತಿನಲ್ಲಿ ಹೇಳುತ್ತಿದ್ದುದರಿಂದ ಯಾರೂ ಅವನನ್ನು ಹಿಡಿದು ಕೇಳುತ್ತಿರಲಿಲ್ಲ. ಕೇಳುವುದೇನಿದ್ದರೂ ಬೂ ಮರ್ಜೂಕನನ್ನು.

ಏಕೆಂದರೆ ಬೂ ಮರ್ಜೂಕ್ ಒಂದು ಸಲ ಪಾರಾದವನು. ಎಂಬತ್ತೆರಡನೇ ಇಸವಿಯಲ್ಲಿ ಮನಾಖ್ ಎಂಬ ಷೇರು ಬಜಾರು ಕುಸಿದು ಊರಿಗೆ ಊರೇ ಬೀದಿಗೆ ಬಿದ್ದಾಗ ಇವನೊಬ್ಬನ ಕೈಯಲ್ಲಿ ಒಂದು ಷೇರೂ ಇರಲಿಲ್ಲ. ಹಜ್ ಯಾತ್ರೆಗೆ ಹೊರಡುವವನಿದ್ದ, ಹೊರಡುವ ಮುಂಚೆ ಕೊಡು-ಕೊಳ್ಳುವುದನ್ನೆಲ್ಲ ಚುಕ್ತಾ ಮಾಡಬೇಕಲ್ಲ ಎಂದು ಎಲ್ಲವನ್ನೂ ಮಾರಿದ್ದ. ಇದನ್ನು ಅವನು ಸಾವಿರ ಸಲ ಹೇಳಿದ್ದ. ಕೇಳಿದವರು ಕಣ್ಣು ಮಿಟುಕಿಸಿ, ಹೌದು ಹೌದು, ಹಜ್, ಎನ್ನುತ್ತಿದ್ದರು. ಮೂಸಿ ನೋಡಿ ಹೇಳಬಲ್ಲವನು, ಬಾಯಿಬಿಡುವುದಿಲ್ಲ ಅಷ್ಟೇ ಎಂದು ಊರು ತೀರ್ಮಾನಿಸಿಬಿಟ್ಟಿತ್ತು. ನಿಜ ಹೇಳಬೇಕೆಂದರೆ ಆ ಕೀರ್ತಿ ಅವನಿಗೆ ತೀರ ಬೇಡವೂ ಆಗಿರಲಿಲ್ಲ. ಮೂರು ಬಟ್ಟಲು ಕಾಫಿ ಕುಡಿದಾದ ಮೇಲೆ ಗಂಟಲು ಸರಿಮಾಡಿಕೊಂಡು ಅವನು ಒಂದು ಮಾತು ಆಡಿದರೆ ಕೋಣೆಯಲ್ಲಿ ಜಪಮಾಲೆಗಳ ಸದ್ದು ನಿಲ್ಲುತ್ತಿತ್ತು. ಯಾರಿಗೆ ಹಿತವಾಗುವುದಿಲ್ಲ ಹೇಳಿ.

ಮರುದಿನ ಬೆಳಗ್ಗೆ ದವಡೆಯಲ್ಲಿ ಲವಂಗ ಒತ್ತಿಕೊಂಡು ಪೇಟೆಯ ಸಭಾಂಗಣಕ್ಕೆ ಕಾಲಿಟ್ಟಾಗ ಕೈಫಾನಿನ ಅರ್ಧ ಜನ ಅವನಿಗಿಂತ ಮೊದಲೇ ಬಂದು ಕೂತಿದ್ದರು. ದಲ್ಲಾಳಿಗಳ ಕೌಂಟರಿನ ಮುಂದೆ ನೂಕುನುಗ್ಗಲು. ದೊಡ್ಡ ಫಲಕದ ತುಂಬ ಕೆಂಪು. ಅದು ಹೊಸದೇನಲ್ಲ, ತಿಂಗಳುಗಳಿಂದ ಕೆಂಪೇ. ಆದರೆ ಶೀತಲಗೃಹದ ಕಂಪನಿಯ ಷೇರು ಪೇಟೆ ತೆರೆದ ಗಳಿಗೆಯಲ್ಲೇ ದಿನಕ್ಕೆ ಇಷ್ಟೇ ಇಳಿಯಬಹುದೆಂಬ ಮಿತಿಯವರೆಗೆ ಜಾರಿ ನಿಂತಿತ್ತು. ಮಾರುವವರ ಕಡೆ ರಾಶಿ. ಕೊಳ್ಳುವವರ ಕಡೆ ಖಾಲಿ.

ಬೂ ಶಮ್ಲಾನ್ ಎದ್ದು ಬಂದು ಅವನ ಹೆಗಲು ತಬ್ಬಿದ.

"ಬಂದ್ರಾ ಸಾಹೇಬ್ರು! ನಿನ್ನ ಬಟ್ಟಲಿಗೊಂದು ಸಲಾಂ ಕಣಯ್ಯ. ಬಾಗಿಲು ತೆಗೆಯೋ ಮುಂಚೆನೇ ಬಂದು ಎಲ್ರೂ ಮಾರೋಕೆ ಹಾಕಿದ್ವಿ."

"ಯಾವ ಬಟ್ಟಲು?"

"ನೋಡ್ರಪ್ಪಾ, ಯಾವ ಬಟ್ಟಲು ಅಂತೆ."

ಆಮೇಲೆ ಅವನು ಬಹಳ ಹೆಮ್ಮೆಯಿಂದ ವಿವರಿಸಿದ. ಬೂ ಮರ್ಜೂಕ್ ಮೊದಲನೇ ಕಾಫಿಗೆ ಬಟ್ಟಲು ಅಲ್ಲಾಡಿಸಿದ್ದು ಇದು ಮೂರನೇ ಸಲವಂತೆ. ಹಿಂದಿನ ಎರಡು ಸಲವೂ ಅದಾದ ವಾರದಲ್ಲೇ ಪೇಟೆ ಜಾರಿತ್ತಂತೆ. ಇದನ್ನು ಮೊದಲು ಕಂಡುಹಿಡಿದವನು ತಾನೇ ಅಂತೆ. ನಿನ್ನ ಮುಖ ಓದಲಿಕ್ಕಂತೂ ಆಗುವುದಿಲ್ಲ, ಬಟ್ಟಲನ್ನಾದರೂ ಓದಬಹುದಲ್ಲ ಎಂದು ನಕ್ಕ.

ಹಿಂದಿನ ಎರಡು ಸಲವೂ ಬೂ ಮರ್ಜೂಕನಿಗೆ ನೆನಪಿತ್ತು. ಒಂದು ಸಲ ಸೀಗಡಿ ತಿಂದು ಹೊಟ್ಟೆ ಕೆಟ್ಟಿತ್ತು. ಇನ್ನೊಂದು ಸಲ ಹೆಂಡತಿ ಲುಲ್ವಾಳ ಜೊತೆ ಜಗಳವಾಡಿ ಬಂದಿದ್ದ, ಗಂಟಲಲ್ಲಿ ಏನೂ ಇಳಿದಿರಲಿಲ್ಲ. ಇಷ್ಟು ವರ್ಷ ತಾನು ಕಾಫಿ ಕುಡಿಯುತ್ತಿದ್ದೇನೆ ಅಂದುಕೊಂಡಿದ್ದ. ಇವರೆಲ್ಲ ಸೇರಿ ತನ್ನನ್ನು ಗಡಿಯಾರದ ಮುಳ್ಳಿನಂತೆ ನೋಡುತ್ತ ಕೂತಿದ್ದರು. ಅವರ ದಡ್ಡತನಕ್ಕೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಭಯ ಬಂತು, ಏಕೆಂದರೆ ಮುಂದಿನ ಸಾಲಿನ ಕುರ್ಚಿಯಲ್ಲಿ ಬೂ ಗಾನಿಮ್ ಕೂತಿದ್ದ.

ಬೂ ಗಾನಿಮ್ ಅವನ ಬಾಲ್ಯದ ಗೆಳೆಯ. ಒಂದೇ ಬೀದಿಯ ಮಣ್ಣಿನ ಮನೆಗಳಲ್ಲಿ ಬೆಳೆದವರು, ಒಂದೇ ದಿನ ಸುನ್ನತಿ ಮಾಡಿಸಿಕೊಂಡವರು. ಶಾಲಾ ಇನ್‌ಸ್ಪೆಕ್ಟರನಾಗಿದ್ದವನು, ಮಾತು ಕಡಿಮೆ. ಅವನ ತಾಯಿ ತೀರಿಕೊಂಡ ಮೇಲೆ ಆಕೆಯ ಮನೆ ಮಾರಿ ಬಂದ ಹಣದಲ್ಲಿ ಧರ್ಮದ ಲೆಕ್ಕದಂತೆ ಅರ್ಧ ಇವನದು, ಉಳಿದರ್ಧ ಇಬ್ಬರು ಅಕ್ಕಂದಿರದು. ಅಕ್ಕಂದಿರು ಮುನೀರಾ ಮತ್ತು ತೈಬಾ. ಮುನೀರಾ ಗಂಡ ಸತ್ತವಳು. ನಮ್ಮದೂ ನಿನ್ನ ಹತ್ತಿರವೇ ಇರಲಿ, ನಿನ್ನದರ ಜೊತೆಗೇ ಬೆಳೆಯಲಿ ಎಂದಿದ್ದರು. ಇವನು ಅಷ್ಟನ್ನೂ ಶೀತಲಗೃಹದ ಷೇರಿನಲ್ಲಿ ಹಾಕಿದ. ಆ ಷೇರಿನ ಹೆಸರು ಹೇಳಿದವನು ಯಾರು? ಮೂರನೇ ಬಟ್ಟಲಾದ ಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದವನು ಬೂ ಮರ್ಜೂಕನೇ.

ಹಾಗಾಗಿ ಅವನಿಗೆ ಫಲಕದ ಆ ಅಂಕಿಯ ಅರ್ಥ ಚೆನ್ನಾಗಿ ಗೊತ್ತಿತ್ತು. ಅದು ಬೂ ಗಾನಿಮ್ ಕೊಂಡ ಬೆಲೆಯ ಸರಿಯಾಗಿ ಅರ್ಧ. ಇವತ್ತು ಮಾರಿ ನಷ್ಟವನ್ನೆಲ್ಲ ಬೂ ಗಾನಿಮನೇ ಹೊತ್ತರೆ ಅವನ ಪಾಲು ಪೂರ್ತಿ ಹೋಗುತ್ತದೆ, ಅಕ್ಕಂದಿರದು ಪೂರ್ತಿ ಉಳಿಯುತ್ತದೆ. ಇಲ್ಲಿಂದ ಕೆಳಗೆ ಇಳಿಯುವ ಒಂದೊಂದು ಫಿಲ್ಸ್ ಚಿಲ್ಲರೆಯೂ ಅಕ್ಕಂದಿರದು.

ಅವನು ಪಕ್ಕದ ಕುರ್ಚಿಯಲ್ಲಿ ಕೂತ. ಬೂ ಗಾನಿಮ್ ತಿರುಗಿ ನೋಡಲಿಲ್ಲ. ಅವನ ಬೆರಳುಗಳು ಜಪಮಾಲೆಯ ಮಣಿಗಳನ್ನು ತಳ್ಳುತ್ತಿದ್ದವು, ತುಟಿ ಅಲ್ಲಾಡುತ್ತಿರಲಿಲ್ಲ.

"ಮಾರೋಕೆ ಹಾಕಿದ್ದನ್ನ ವಾಪಸ್ ತಗೋ ಕಣೋ," ಎಂದ ಬೂ ಮರ್ಜೂಕ್ ದನಿ ತಗ್ಗಿಸಿ. "ನಂಗೆ ಹಲ್ಲು ನೋವು. ಬಿಸಿ ತಾಗಿತು, ಅದಕ್ಕೆ ಅಲ್ಲಾಡಿಸ್ದೆ. ಬೇರೆ ಏನೂ ಇಲ್ಲ."

ಬೂ ಗಾನಿಮ್ ಈಗ ತಿರುಗಿದ. "ಆವತ್ತು ಹಜ್ಜು. ಇವತ್ತು ಹಲ್ಲು."

"ಎರಡೂ ನಿಜ."

"ಆಯ್ತು, ನಿಜಾನೇ ಅಂದ್ಕೊಳ್ಳೋಣ. ನಾಳೆ ಇದು ಇನ್ನೂ ಇಳಿಯಲ್ಲ ಅಂತ ನನ್ನ ಮುಖ ನೋಡಿ ಹೇಳು. ಈಗಲೇ ಎದ್ದು ಹೋಗಿ ವಾಪಸ್ ತಗೋತೀನಿ."

ಬೂ ಮರ್ಜೂಕ್ ಬಾಯಿ ತೆರೆದ. ಏನು ಹೇಳಬಲ್ಲ? ಈ ಬಿಸಿಲಿನ ನಾಡಿನಲ್ಲಿ ಜನ ಷೇರು ಮಾರಬಹುದು, ಮನೆ ಮಾರಬಹುದು, ಆದರೆ ಕೋಳಿ ಮೀನು ತಿನ್ನುವುದನ್ನು ಬಿಡರು, ಅವನ್ನಿಡಲು ತಣ್ಣನೆಯ ಗೋದಾಮು ಬೇಕೇ ಬೇಕು, ಕಂಪನಿಯ ಲಾರಿಗಳು ದಿನವೂ ಬಂದರಿನಿಂದ ತುಂಬಿ ಬರುತ್ತಿವೆ. ಇದೆಲ್ಲ ಅವನಿಗೆ ಗೊತ್ತಿತ್ತು. ಒಂದಲ್ಲ ಒಂದು ದಿನ ಬೆಲೆ ಏಳುತ್ತದೆ ಎಂದೂ ಅನಿಸುತ್ತಿತ್ತು. ಆದರೆ ನಾಳೆ? ನಾಳೆಯ ವಿಷಯ ಅವನಿಗೆ ಎಂದೂ ಗೊತ್ತಿರಲಿಲ್ಲ. ತೆರೆದ ಬಾಯಿಯನ್ನು ಮುಚ್ಚಿಕೊಂಡ.

"ನೋಡ್ದಾ," ಎಂದ ಬೂ ಗಾನಿಮ್. ದನಿಯಲ್ಲಿ ಕೋಪವಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಇವತ್ತು ಹೋಗೋದು ನಂದು. ಹೋಗ್ಲಿ. ನಾಳೆಯಿಂದ ಹೋಗೋದು ಮುನೀರಾದು. ಅವಳ ಮುಂದೆ ಯಾವ ಮುಖ ಇಟ್ಕೊಂಡು ನಿಂತ್ಕೊಳ್ಳಲಿ?"

ಹೊತ್ತು ಸರಿಯಿತು. ಹನ್ನೆರಡೂವರೆಗೆ ಪೇಟೆ ಮುಚ್ಚುತ್ತದೆ. ಕೊಳ್ಳುವವರ ಕಡೆ ಒಂದು ಅಂಕಿಯೂ ಮೂಡಲಿಲ್ಲ. ಚಹಾ ತಂದವನನ್ನು ಯಾರೂ ಹತ್ತಿರ ಕರೆಯಲಿಲ್ಲ. ಬೂ ಶಮ್ಲಾನನ ನಗುವೂ ಆರಿಹೋಗಿತ್ತು. ಮಾರಲು ಹಾಕುವುದು ಬೇರೆ, ಮಾರಾಟವಾಗುವುದು ಬೇರೆ ಎಂದು ಅವನಿಗೂ ಹೊಳೆದಿರಬೇಕು. ಎಲ್ಲರೂ ಒಟ್ಟಿಗೆ ಬಾಗಿಲಿಗೆ ನುಗ್ಗಿದ್ದರು, ಬಾಗಿಲಿನ ಆ ಕಡೆ ಹಿಡಿದುಕೊಳ್ಳಲು ಒಬ್ಬನೂ ಇರಲಿಲ್ಲ. ಬೂ ಗಾನಿಮನ ಹಣೆಯಲ್ಲಿ ಆ ಚಳಿಯಲ್ಲೂ ಬೆವರು ಒಡೆದಿತ್ತು. ಅದನ್ನು ನೋಡುತ್ತ ಕೂರಲು ಬೂ ಮರ್ಜೂಕನಿಂದ ಆಗಲಿಲ್ಲ. ಎದ್ದು ಹೊರಗಿನ ಓಣಿಗೆ ಬಂದ.

ಅವನ ಖಾತೆಯಲ್ಲಿ ಹಣವಿತ್ತು. ಮರ್ಜೂಕನ ಮದುವೆಯ ಹಣ. ವಧುದಕ್ಷಿಣೆ, ಮೇಲಿನ ಮಹಡಿಯ ಸಾಮಾನು, ಛತ್ರದ ಬಾಡಿಗೆ, ಎಲ್ಲ ಅದರಲ್ಲೇ. ಮದುವೆ ವಸಂತಕ್ಕೆ ಗೊತ್ತಾಗಿತ್ತು. ಅದನ್ನು ಮುಟ್ಟುವುದು ಹುಚ್ಚುತನ. ಮುಟ್ಟದಿದ್ದರೆ, ತನ್ನ ಒಂದು ಹಾಳು ಹಲ್ಲಿಗಾಗಿ ನಾಳೆ ಒಬ್ಬ ವಿಧವೆಯ ಗಂಟು ಕರಗಲು ಶುರುವಾಗುತ್ತದೆ. ದೇವರೇ, ನನ್ನನ್ನೇ ಹುಡುಕಿಕೊಂಡು ಬರಬೇಕಿತ್ತೇ ಇದು ಎಂದು ಗೊಣಗಿದ. ಆಮೇಲೆ ಬೂ ಗಾನಿಮನ ದಲ್ಲಾಳಿಯನ್ನು ಬಿಟ್ಟು ಓಣಿಯ ಆ ತುದಿಯ ಬೇರೊಬ್ಬ ದಲ್ಲಾಳಿಯ ಬಳಿ ಹೋದ.

ಕೌಂಟರಿನ ಯುವಕ ಎರಡು ಸಲ ಕೇಳಿದ. "ಶೀತಲಗೃಹದ್ದಾ ಚಾಚಾ? ಇವತ್ತಾ? ಇಷ್ಟೂನಾ?" ಸರತಿಯಲ್ಲಿ ದೊಡ್ಡ ಗಂಟಿನ ಮುಂದೆ ಒಂದು ಸಣ್ಣದು ಕೂತಿದೆ, ಅದನ್ನು ಕೊಳ್ಳದೆ ಇದಕ್ಕೆ ಕೈ ಹಾಕಲು ಬರುವುದಿಲ್ಲ ಎಂದ. ದೊಡ್ಡದು ಬೂ ಗಾನಿಮನದು, ಆ ಸಣ್ಣದು ಬೂ ಶಮ್ಲಾನನದು. ಬಾಗಿಲು ತೆರೆದ ಕೂಡಲೇ ಎಲ್ಲರಿಗಿಂತ ಮುಂದೆ ಓಡಿದವನು ಅವನಲ್ಲದೆ ಇನ್ನಾರು. ಬೂ ಮರ್ಜೂಕ್ ಹಲ್ಲು ಕಚ್ಚಿ, ನೋವಿಗೆ ಕಣ್ಣಲ್ಲಿ ನೀರು ಬಂದು, ಅದನ್ನೂ ಸೇರಿಸಿ ಕೊಂಡುಬಿಡು ಎಂದ. ಚೀಟಿಗೆ ಸಹಿ ಹಾಕಿಕೊಟ್ಟ.

ಸಭಾಂಗಣದ ಕಂಬದ ಮರೆಯಲ್ಲಿ ನಿಂತು ನೋಡಿದ. ಫಲಕದ ಖಾಲಿ ಕಡೆ ಒಂದು ಅಂಕಿ ಮಿಂಚಿ ಮರೆಯಾಯಿತು. ಬೂ ಗಾನಿಮನ ದಲ್ಲಾಳಿ ಬಂದು ಅವನ ಕಿವಿಯಲ್ಲಿ ಏನೋ ಹೇಳಿದ. ಬೂ ಗಾನಿಮ್ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಆಮೇಲೆ ಎದ್ದು, ಯಾರ ಕಡೆಗೂ ನೋಡದೆ ಹೊರಟುಹೋದ. ಸಂಜೆಯೊಳಗೆ ಅಕ್ಕಂದಿರಿಬ್ಬರ ಪಾಲೂ ಅವರವರ ಕೈ ಸೇರಿತು.

ಕೊಂಡವನು ನಾನೇ ಎಂದು ಆಗಲೇ ಹೇಳಬೇಕಿತ್ತು. ಹೇಳಿದರೆ ಆ ಸ್ವಾಭಿಮಾನಿ ನಿನ್ನ ಮಗನ ಮದುವೆಯ ಹಣ ನನಗೆ ಬೇಡ ಎಂದು ಕೂಡಲೇ ಹಿಂದೆಗೆಯುತ್ತಾನೆ ಎಂದು ಬೂ ಮರ್ಜೂಕ್ ಸುಮ್ಮನಾದ. ಒಳ್ಳೆಯ ಉದ್ದೇಶವೇ. ಆದರೂ ಅವನು ಎಡವಿದ್ದು ಅಲ್ಲೇ.

ಲುಲ್ವಾಳಿಗೆ ಮಾತ್ರ ಮಧ್ಯಾಹ್ನವೇ ಹೇಳಿದ. ಅವಳು ಅನ್ನದ ತಟ್ಟೆಯನ್ನು ಅವನ ಮುಂದಿನಿಂದ ಎತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿಟ್ಟು ಬಂದಳು.

"ಹತ್ತು ಸಲ ಹೇಳ್ದೆ, ಹಲ್ಲು ಕೀಳಿಸ್ಕೊಂಡು ಬನ್ನಿ ಅಂತ. ಹತ್ತು ದಿನಾರಿಗೆ ಮುಗೀತಿತ್ತು," ಎಂದಳು. "ಈಗ ನೋಡಿ, ಎಷ್ಟಾಯ್ತು ಆ ಹಲ್ಲಿಗೆ."

ಅವಳು ಅಬಾಯಾ ಹೊದ್ದು ಕಾರಿನ ಕೀಲಿ ತಂದಳು, ತಾನೇ ಕಾರು ಓಡಿಸಿ ಅವನನ್ನು ದಂತವೈದ್ಯರ ಮುಂದೆ ಕೂರಿಸಿದಳು. ದವಡೆಹಲ್ಲು ಹೋಯಿತು. ಮನೆಗೆ ಮರಳಿದಾಗ ಬಾಗಿಲಲ್ಲಿ, ಬೂ ಗಾನಿಮನ ತಾಯಿ ನನ್ನ ಬಾಣಂತನಕ್ಕೆ ನಲವತ್ತು ದಿನ ಬಂದು ಕೂತಿದ್ದಳು, ಅದಕ್ಕೇ ಸುಮ್ಮನಿದ್ದೇನೆ ಎಂದಳು.

ಅಲ್ಲಿಂದ ಮುಂದಿನ ವಾರಗಳು ಅವನ ಪ್ರಾಣ ಹಿಂಡಿದವು. ಬೆಲೆ ಮತ್ತೆ ಇಳಿಯಿತು. ಮತ್ತೂ ಇಳಿಯಿತು. ಮದುವೆಯ ಹಣ ಕಣ್ಣೆದುರಿಗೇ ಸವೆಯಿತು. ಮದುವೆಯನ್ನು ಈದ್ ಆದ ಮೇಲೆ ಇಟ್ಟುಕೊಳ್ಳೋಣವೇ ಎಂದು ಹೆಣ್ಣಿನ ತಂದೆಯ ಹತ್ತಿರ ಹೋಗಿ ಕೇಳಿದ. ಆತ ಏನೂ ಅನ್ನದೆ ಒಪ್ಪಿದ, ಆದರೆ ಬೀಳ್ಕೊಡಲು ಬಾಗಿಲವರೆಗೆ ಬರಲಿಲ್ಲ. ಮರ್ಜೂಕ್ ಅಪ್ಪನ ಜೊತೆ ಮಾತು ಕಡಿಮೆ ಮಾಡಿದ. ಸಂಜೆಯ ದಿವಾನಿಯಾ ಇನ್ನೂ ಕಷ್ಟ. ಕಾಫಿ ಹೊಯ್ಯುವವನು ಬಂದ ಕೂಡಲೇ ಇಡೀ ಕೋಣೆ ಮಾತು ನಿಲ್ಲಿಸಿ ಅವನ ಕೈ ನೋಡುತ್ತಿತ್ತು. ಬೇಕಿರಲಿ ಬೇಡದಿರಲಿ, ಹೊಟ್ಟೆ ಉರಿಯಲಿ ಎದೆ ಉರಿಯಲಿ, ಅವನು ಮೂರು ಬಟ್ಟಲು ಕುಡಿಯಲೇಬೇಕು. ಮೂರಾದ ಮೇಲೆ ಎಲ್ಲರೂ ಉಸಿರು ಬಿಡುತ್ತಿದ್ದರು. ರಾತ್ರಿ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಬೂ ಗಾನಿಮ್ ತನ್ನ ಮೂಲೆಯಲ್ಲಿ ಕೂತು ಅವರಿವರ ಮಾತಿಗೆ ತಲೆಯಾಡಿಸುತ್ತಿದ್ದ. ಸೋತವನ ನೆಮ್ಮದಿ ಅವನ ಮುಖದಲ್ಲಿತ್ತು. ಅದನ್ನು ನೋಡಿದಾಗ ಮಾತ್ರ ಬೂ ಮರ್ಜೂಕನಿಗೆ ಹೋದದ್ದು ಹೋಗಲಿ ಅನಿಸುತ್ತಿತ್ತು.

ಆಮೇಲೆ, ಯಾರೂ ಹೇಳದ ಹೊತ್ತಿನಲ್ಲಿ, ಗಾಳಿ ತಿರುಗಿತು. ಸರ್ಕಾರ ಬ್ಯಾಂಕುಗಳಿಗೆ ಆಸರೆಯಾಗಿ ನಿಂತಿತು, ಎಣ್ಣೆಯ ಬೆಲೆ ಮೆಲ್ಲಗೆ ಮೇಲೆ ಬರತೊಡಗಿತು, ಶೀತಲಗೃಹದ ಕಂಪನಿ ಲಾಭ ತೋರಿಸಿ ಷೇರುದಾರರಿಗೆ ಪಾಲೂ ಕೊಟ್ಟಿತು. ಫಲಕದಲ್ಲಿ ಹಸಿರು ಚಿಗುರಿತು. ಬೂ ಶಮ್ಲಾನ್ ಇದನ್ನೆಲ್ಲ ತಾನು ಚಳಿಗಾಲದಲ್ಲೇ ಹೇಳಿದ್ದೆ ಎಂದ. ಅದು ಸುಳ್ಳೇನಲ್ಲ, ಅವನು ಎಲ್ಲವನ್ನೂ ಹೇಳಿದ್ದ.

ಷೇರು ಬೂ ಮರ್ಜೂಕ್ ಕೊಂಡ ಬೆಲೆಯನ್ನು ದಾಟಿದ ವಾರ ಬೂ ಶಮ್ಲಾನನಿಗೆ ದಲ್ಲಾಳಿಯ ಕೌಂಟರಿನಿಂದ ಸುದ್ದಿ ಸಿಕ್ಕಿತು. ಅವನು ಅದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಪೈಕಿಯಲ್ಲ. ಸಂಜೆ ಕೋಣೆ ತುಂಬಿದ್ದಾಗ ಎದ್ದು ನಿಂತ.

"ಆವತ್ತು ನಮ್ಮದನ್ನೆಲ್ಲ ಕೊಂಡವನು ಯಾರು ಗೊತ್ತೇನ್ರಯ್ಯಾ? ಇಗೋ, ಇವನೇ! ಬಟ್ಟಲು ಅಲ್ಲಾಡಿಸಿ ನಮ್ಮನ್ನೆಲ್ಲ ಓಡಿಸಿದ, ನಾವು ಬೀಳಿಸಿಕೊಂಡು ಹೋದದ್ದನ್ನ ಹಿಂದಿನಿಂದ ಆರಿಸ್ಕೊಂಡ. ಆಟ ಅಂದ್ರೆ ಇದು. ನಂದೂ ಹೋಯ್ತು, ಆದ್ರೂ ಭೇಷ್ ಅಂತೀನಿ."

ಎಲ್ಲರೂ ನಕ್ಕರು. ಆ ನಗುವಿನಲ್ಲಿ ಸಿಟ್ಟಿರಲಿಲ್ಲ, ಮೆಚ್ಚುಗೆಯಿತ್ತು. ಬೂ ಮರ್ಜೂಕನಿಗೆ ಭೂಮಿ ಬಾಯ್ಬಿಡಬಾರದೇ ಅನಿಸಿತು. ಹಾಗಲ್ಲ, ಹಾಗಲ್ಲ ಎಂದ. ಅವರು ಇನ್ನೂ ಜೋರಾಗಿ ನಕ್ಕರು. ಹಜ್, ಹಜ್, ಎಂದು ಯಾರೋ ಮೂಲೆಯಿಂದ ಕೂಗಿದರು. ಬೂ ಗಾನಿಮ್ ನಗಲಿಲ್ಲ. ಬಟ್ಟಲನ್ನು ಅಲ್ಲಾಡಿಸಿ ಹೊಯ್ಯುವವನ ಕೈಗೆ ಕೊಟ್ಟು, ತಲೆವಸ್ತ್ರ ಸರಿಮಾಡಿಕೊಂಡು, ಎಲ್ಲರಿಗೂ ಸಲಾಂ ಹೇಳಿ ಹೊರಟ. ಬೂ ಮರ್ಜೂಕ್ ಬೀದಿಯವರೆಗೆ ಹಿಂದೆ ಓಡಿದ.

"ಒಂದ್ನಿಮಿಷ ಕೇಳೋ. ನಾನು ಕೊಂಡದ್ದು—"

"ಕೊಂಡಿದ್ದಕ್ಕೆ ಬೇಜಾರಿಲ್ಲ," ಎಂದ ಬೂ ಗಾನಿಮ್ ಕಾರಿನ ಬಾಗಿಲು ಹಿಡಿದು. "ಹಲ್ಲು ನೋವು ಅಂದ್ಯಲ್ಲ, ಆ ಸುಳ್ಳಿಗೆ."

ಮತ್ತೆ ಅವನು ದಿವಾನಿಯಾಕ್ಕೆ ಬರಲಿಲ್ಲ. ಫೋನು ಎತ್ತಲಿಲ್ಲ. ಶುಕ್ರವಾರದ ನಮಾಜಿಗೆ ಬೇರೆ ಬಡಾವಣೆಯ ಮಸೀದಿಗೆ ಹೋಗತೊಡಗಿದ. ದಿವಾನಿಯಾದಲ್ಲಿ ಅವನ ಮೂಲೆಯ ಮೆತ್ತೆಯ ಮೇಲೆ ಯಾರೂ ಕೂರುತ್ತಿರಲಿಲ್ಲ, ಅಲ್ಲಿ ಜನ ಫೋನು ಚಾರ್ಜಿಗೆ ಇಡುತ್ತಿದ್ದರು. ಬೂ ಮರ್ಜೂಕನ ಮಾತಿಗೆ ಈಗ ಮೊದಲಿಗಿಂತ ಇಮ್ಮಡಿ ಬೆಲೆ. ಗೆಳೆಯನ ಗಂಟು ಹೊಡೆದವನೆಂದು ಬಂದ ಆ ಬೆಲೆ ಅವನಿಗೆ ಬಾಯಿಗೆ ಹಾಕಿದ ಮಣ್ಣಿನಂತಿತ್ತು. ಆರು ದಶಕದ ಸ್ನೇಹಕ್ಕೆ ಹೋಲಿಸಿದರೆ ಷೇರು ಯಾವ ಮೂಲೆಗೆ. ಆ ಒಬ್ಬನನ್ನು ಆ ಮೂಲೆಯಲ್ಲಿ ಮತ್ತೆ ಕೂರಿಸದೆ ತನಗೆ ಈ ಜನ್ಮದಲ್ಲಿ ನೆಮ್ಮದಿಯಿಲ್ಲ ಎಂಬುದು ಅವನಿಗೆ ಖಚಿತವಾಯಿತು.

ಅವನು ಒಂದು ಬೆಲೆಗಾಗಿ ಕಾದ. ಬೂ ಗಾನಿಮ್ ಮೊದಲು ಕೊಂಡ ಬೆಲೆಗೆ. ಅಲ್ಲಿಗೆ ಮುಟ್ಟಿದರೆ ಮಗನ ಮದುವೆಯ ಹಣ ತೆಗೆದಿಟ್ಟು ಉಳಿಯುವ ಲಾಭ ಸರಿಯಾಗಿ ಬೂ ಗಾನಿಮ್ ಕಳೆದುಕೊಂಡ ಪಾಲಿನಷ್ಟು. ಬೆಲೆ ಹತ್ತಿರ ಬರುತ್ತಿತ್ತು, ಮುಗ್ಗರಿಸುತ್ತಿತ್ತು, ಮತ್ತೆ ಬರುತ್ತಿತ್ತು. ಬೇಸಿಗೆಯ ಧೂಳಿನಲ್ಲಿ ದಿನವೂ ಹೋಗಿ ಫಲಕದ ಮುಂದೆ ಕೂತ. ಮುಟ್ಟಿದ ದಿನ, ಮುಟ್ಟಿದ ಗಳಿಗೆಯಲ್ಲೇ, ಮಾರಿಬಿಟ್ಟ. ಇನ್ನೂ ಏಳುತ್ತದೆ ಹುಚ್ಚಪ್ಪ, ತಡಿ ಎಂದು ಬೂ ಶಮ್ಲಾನ್ ಬಡಿದುಕೊಂಡ. ಅವನಿಂದ ಕೊಂಡಿದ್ದ ಸಣ್ಣ ಗಂಟಿನ ಲಾಭವನ್ನು ಬೂ ಮರ್ಜೂಕ್ ಅಲ್ಲೇ ಅವನ ಹೆಸರಿಗೆ ಮಾಡಿದಾಗ ಮಾತ್ರ ಒಮ್ಮೆ ಬಾಯಿ ಮುಚ್ಚಿ ಕೂತ.

ಆದರೆ ಬೂ ಗಾನಿಮನಿಗೆ ಕೊಡುವುದು ಹೇಗೆ? ಲುಲ್ವಾ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಳು.

"ಕೊಡೋಕೆ ಹೋದ್ರೆ ಮುಖದ ಮೇಲೆ ಎಸೀತಾನೆ," ಎಂದ ಅವಳಿಗೆ.

"ಎಸೀತಾನೆ. ಭಿಕ್ಷೆ ತಗೊಳ್ಳೋ ಮನೆತನ ಅಲ್ಲ ಅದು." ಅವಳು ತಲೆಯೆತ್ತಲಿಲ್ಲ. "ಕೊಡೋಕೆ ಯಾಕೆ ಹೋಗ್ತೀರಿ? ಕೇಳೋಕೆ ಹೋಗಿ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ರಂಜಾನಿಗೆ ಮುಂಚಿನ ಶುಕ್ರವಾರ ಇಳಿಹೊತ್ತಿನ ನಮಾಜು ಮುಗಿಸಿ ಅವನು ಬೂ ಗಾನಿಮನ ಮನೆ ಬಾಗಿಲು ತಟ್ಟಿದ. ಬೂ ಗಾನಿಮನೇ ಬಾಗಿಲು ತೆರೆದ. ಹೊಸ್ತಿಲಿಗೆ ಬಂದವನನ್ನು ಹಿಂದಕ್ಕೆ ಕಳಿಸುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಒಳಗೆ ಬಾ ಎನ್ನದೆ ಪಕ್ಕಕ್ಕೆ ಸರಿದ. ಖರ್ಜೂರ ಇಟ್ಟ. ಕೂಜೆಯನ್ನು ತಾನೇ ಎಡಗೈಯಲ್ಲಿ ಹಿಡಿದು, ಬಟ್ಟಲಿಗೆ ಕಾಫಿ ಹೊಯ್ದು, ಬಲಗೈಯಲ್ಲಿ ಕೊಟ್ಟ. ಏಲಕ್ಕಿಯ ವಾಸನೆ ಕೋಣೆ ತುಂಬಿತು.

ಬೂ ಮರ್ಜೂಕ್ ಬಟ್ಟಲನ್ನು ತುಟಿಗೆ ಒಯ್ಯಲಿಲ್ಲ. ತನ್ನ ಮುಂದೆ ನೆಲದ ಮೇಲಿಟ್ಟು ಕೈ ಕಟ್ಟಿಕೊಂಡು ಕೂತ.

ಬೂ ಗಾನಿಮನ ಮುಖದ ಬಣ್ಣ ಬದಲಾಯಿತು. ಅತಿಥಿ ಹೀಗೆ ಬಟ್ಟಲು ಕೆಳಗಿಟ್ಟರೆ ಅವನದೊಂದು ಕೋರಿಕೆಯಿದೆ ಎಂದರ್ಥ. ಮನೆಯವನು ಕೊಟ್ಟೆ ಎನ್ನುವವರೆಗೆ ಅವನು ಕುಡಿಯುವುದಿಲ್ಲ. ಕುಡಿಯದೆ ಎದ್ದುಹೋದರೆ ಆ ಮನೆಯ ಮಾನ ಬಟ್ಟಲಿನ ಜೊತೆ ಅಲ್ಲೇ ನೆಲದ ಮೇಲೆ ಉಳಿಯುತ್ತದೆ. ಅವರ ಅಪ್ಪಂದಿರ ಕಾಲದಲ್ಲಿ ಹೀಗೆ ಹೆಣ್ಣು ಕೇಳುತ್ತಿದ್ದರು, ಕೊಲೆಗೆ ಕ್ಷಮೆ ಕೇಳುತ್ತಿದ್ದರು. ಇತ್ತೀಚೆಗೆ ಯಾರೂ ಮಾಡಿದ್ದನ್ನು ಅವನು ಕಂಡಿರಲಿಲ್ಲ.

ಕಾಫಿಯ ಮೇಲಿನ ಹಬೆ ತೆಳ್ಳಗಾಯಿತು. ಗೋಡೆಯ ಏರ್ ಕಂಡಿಷನರು ಗೊರಗೊರ ಎನ್ನುತ್ತಿತ್ತು. ಇವನು ಸುಮ್ಮನೆ ಎದ್ದು ಒಳಗೆ ಹೋಗಿಬಿಟ್ಟರೆ ಅಲ್ಲಿಗೆ ಮುಗಿಯಿತು ಎಂದುಕೊಂಡ ಬೂ ಮರ್ಜೂಕ್. ಬೂ ಗಾನಿಮ್ ಬಟ್ಟಲನ್ನೇ ನೋಡುತ್ತಿದ್ದ. ನೋಡಿ ನೋಡಿ ಕೊನೆಗೆ ಕೇಳಿದ.

"ಹಲ್ಲು ನೋವಾ?"

ಅದು ಕುಹಕ. ಆದರೆ ಬೂ ಮರ್ಜೂಕ್ ಅದಕ್ಕೆ ಉತ್ತರವನ್ನೇ ಕೊಟ್ಟ. ಮುಂದಕ್ಕೆ ಬಾಗಿ, ಬೆರಳಿನಿಂದ ಕೆನ್ನೆ ಎಳೆದು, ಬಾಯಿ ಅಗಲಿಸಿ ತೋರಿಸಿದ. ಬೂ ಗಾನಿಮ್ ಮೊದಲು ಮುಖ ತಿರುಗಿಸಿದ, ಆಮೇಲೆ ತಡೆಯಲಾರದೆ ಬಗ್ಗಿ ನೋಡಿದ. ದವಡೆಯ ಹಿಂದೆ, ಒಂದು ಹಲ್ಲಿರಬೇಕಾದ ಕಡೆ, ವಾಸಿಯಾದ ಗುಂಡಿ.

"ಯಾವಾಗ ಕೀಳಿಸ್ದೆ?"

"ಆವತ್ತೇ ಸಾಯಂಕಾಲ. ಲುಲ್ವಾ ಎಳ್ಕೊಂಡು ಹೋದ್ಲು. ಬೇಕಾದ್ರೆ ಅವಳನ್ನೇ ಕೇಳು."

ಲುಲ್ವಾ ಯಾರಿಗೋಸ್ಕರವೂ ಸುಳ್ಳು ಹೇಳುವವಳಲ್ಲ, ಗಂಡನಿಗೋಸ್ಕರವಂತೂ ಇಲ್ಲವೇ ಇಲ್ಲ. ಅದು ಬೂ ಗಾನಿಮನಿಗೆ ಗೊತ್ತಿತ್ತು. ಅವನು ಹಿಂದಕ್ಕೆ ಒರಗಿದ. ಆ ದಿನವನ್ನು ಮೊದಲಿಂದ ಕೊನೆಯವರೆಗೆ ಮತ್ತೆ ನೋಡುತ್ತಿದ್ದಾನೆ ಎಂದು ಬೂ ಮರ್ಜೂಕನಿಗೆ ಅನಿಸಿತು: ಕುರ್ಚಿ, ಫಲಕ, ಪಕ್ಕದಲ್ಲಿ ಕೂತು ದನಿ ತಗ್ಗಿಸಿ ಹೇಳಿದ ಮಾತು, ಆಮೇಲೆ ಎಲ್ಲಿಂದಲೋ ಬಂದ ಒಬ್ಬನೇ ಒಬ್ಬ ಕೊಳ್ಳುವವನು.

"ಮದುವೆ ಮುಂದಕ್ಕೆ ಹೋಯ್ತು ಅಂದ್ರು," ಎಂದ ಬೂ ಗಾನಿಮ್ ಮೆಲ್ಲಗೆ. "ಯಾಕೆ ಅಂತ ನಾನು ಕೇಳಲೇ ಇಲ್ಲ."

ಬೂ ಮರ್ಜೂಕ್ ಬಟ್ಟಲಿನ ಕಡೆ ನೋಡಿದ.

"ಕುಡಿ. ಏನು ಕೇಳಿದ್ರೂ ಕೊಟ್ಟೆ."

"ನಿನ್ನ ಪಾಲು ನನ್ನ ಹತ್ರ ಇದೆ. ಅದನ್ನ ತಗೋಬೇಕು. ತಗೊಂಡು ನಾಳೆ ಬಂದು ನಿನ್ನ ಮೂಲೇಲಿ ಕೂತ್ಕೋಬೇಕು. ಇಷ್ಟೇ ನಾನು ಕೇಳೋದು."

ಬೂ ಗಾನಿಮನ ಕಣ್ಣು ಕೆಂಪಾದವು. ಇದು ಮೋಸ ಎಂದ. ಮಾತು ತೆಗೆದುಕೊಂಡ ಮೇಲೆ ಕೇಳಿದರೆ ಏನು ಮಾಡಲಿ ಎಂದ. ಆದರೆ ಕೊಟ್ಟೆ ಎಂದಾಗಿತ್ತು, ಇನ್ನು ಹಿಂದೆಗೆಯುವಂತಿರಲಿಲ್ಲ. ಬೂ ಮರ್ಜೂಕ್ ಆರಿದ ಕಾಫಿಯನ್ನು ಎತ್ತಿ ಕುಡಿದ. ಕಹಿಯಾಗಿತ್ತು, ತಣ್ಣಗಿತ್ತು, ಗಂಟಲಲ್ಲಿ ಸಲೀಸಾಗಿ ಇಳಿಯಿತು. ಬಟ್ಟಲನ್ನು ಮತ್ತೆ ಚಾಚಿದ.

ಬೂ ಗಾನಿಮ್ ತೋಳಿನಿಂದ ಕಣ್ಣೊರೆಸಿಕೊಂಡು ಕೂಜೆ ಎತ್ತಿದ. ಎರಡನೆಯದು ಹೊಯ್ದ, ಮೂರನೆಯದು ಹೊಯ್ದ. ನಾಲ್ಕನೆಯದಕ್ಕೆ ಬೂ ಮರ್ಜೂಕನ ಕೈ ಇನ್ನೇನು ಕುಲುಕಬೇಕು, ಬೂ ಗಾನಿಮ್ ಆ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಅಲ್ಲಾಡಿಸ್ಬೇಡ," ಎಂದ. "ಸಾಕು ಅಂದ್ರೆ ಸಾಕು ಅಂತ ಬಾಯಲ್ಲಿ ಹೇಳು. ಈ ಸಲ ನಂಬ್ತೀನಿ."